ಸೂರಿರುವ ಮನೆ

ರಾತ್ರಿ ಹತ್ತರ ಮೇಲೆ ಪಾಠ ಹೇಳಬಾರದೆಂದು ಸೋಲ್ ನಗರದ ಕಾನೂನು.
ಹಾಗಾಗಿ ದೇಚಿ-ದೊಂಗಿನ ಕಟ್ಟಡಗಳೆಲ್ಲ
ಹತ್ತು ಹೊಡೆದದ್ದೇ ಒಟ್ಟಿಗೆ ಬಾಯಿ ತೆರೆದು
ಮಕ್ಕಳನ್ನು ಉಗುಳುತ್ತವೆ,
ಬ್ಯಾಗು ಮೊದಲು, ಆಮೇಲೆ ಕಾಲು.
ಎರಡು ಸಾಲು ಕಾರುಗಳು ಕಣ್ಣು ಮಿಟುಕಿಸುತ್ತವೆ,
ಒಳಗೆ ಅಮ್ಮಂದಿರು, ತೊಡೆಯ ಮೇಲೆ ಊಟದ ಡಬ್ಬಿ.
ಅಮ್ಮ ಬರಲಾಗದ ಮಕ್ಕಳು ನನ್ನ ಪಾಲು.

ಹಳದಿ ವ್ಯಾನು, ಹದಿನೈದು ಸೀಟು.
ಮೊದಲು ಇಪ್ಪತ್ತಾರು ವರ್ಷ ಸಿಮೆಂಟ್ ಕಲಸುವ ಲಾರಿ ಓಡಿಸಿದವನು ನಾನು.
ಅದರ ಹೊಟ್ಟೆ ತಿರುಗುತ್ತಲೇ ಇರಬೇಕು,
ನಿಂತರೆ ಒಳಗಿನದೆಲ್ಲ ಗಟ್ಟಿ.
ಇಲ್ಲೂ ಹಾಗೇ ಅಂತ ಒಮ್ಮೆ ನಗೆಗೆ ಅಂದೆ.
ಆಫೀಸಿನ ಬೊಂಗ್ ಮೇಡಂ ನಗಲಿಲ್ಲ, ಬರೆದುಕೊಂಡರು.
ಮುಂದಿನ ತಿಂಗಳ ಕರಪತ್ರದಲ್ಲಿ ಅದೇ ಮಾತು, ದಪ್ಪಕ್ಷರದಲ್ಲಿ.

ವ್ಯಾನಿನ ಬೆನ್ನ ಮೇಲೆ ಬರೆದಿದೆ:
ಪ್ರಾಥಮಿಕ ಶಾಲೆಯವರಿಗೆ ಮೆಡಿಕಲ್ ತರಗತಿ.
ಎಲುಬು, ನಾಡಿ, ಥರ್ಮಾಮೀಟರು ಅಂದುಕೊಂಡಿದ್ದೆ.
ಅಲ್ಲವಂತೆ.
ನಾಲ್ಕನೇ ಕ್ಲಾಸಿನವರಿಗೆ ಹತ್ತನೆಯದರ ಗಣಿತ, ಅಷ್ಟೇ.
ತಮ್ಮ ವಯಸ್ಸನ್ನು ಓಡಿ ದಾಟಿ
ಮುಂದಿನ ಸ್ಟಾಪಿನಲ್ಲಿ ಅದಕ್ಕಾಗಿ ಕಾಯುವುದು.

ಟೇಗ್ಯೊಮ್ ನನ್ನ ಹಿಂದಿನ ಸಾಲು, ಕಿಟಕಿ ಪಕ್ಕ.
ಮೂರು ಸಿಗ್ನಲ್ ತನಕ ಲೆಕ್ಕ ಮಾಡುತ್ತಾನೆ,
ನಾಲ್ಕನೆಯದರಲ್ಲಿ ಗಾಜಿಗೆ ಹಣೆ.
ಅವನ ಮನೆ ಬಂದಾಗ ನಾನು ಕೂಗುವುದಿಲ್ಲ,
ತೊಡೆಯ ಮೇಲಿನ ಬ್ಯಾಗು ಎತ್ತಿದರೆ ಸಾಕು,
ಭಾರ ಹೋದದ್ದಕ್ಕೇ ಎಚ್ಚರ.

ಆ ಗುರುವಾರ ಅವನು ಮಲಗಲಿಲ್ಲ.
ಕನ್ನಡಿಯಲ್ಲಿ ನೋಡಿದೆ, ಬಾಯೊಳಗೆ ಬೆರಳು.
“ಡ್ರೈವರ್ ತಾತ, ರಕ್ತ ಎಷ್ಟು ಹೋದರೆ ಸಾಯ್ತಾರೆ?
ಲೀಟರಿನಲ್ಲಿ ಹೇಳಿ.”
ನಿಮ್ಮದೇ ಮೆಡಿಕಲ್ ತರಗತಿಯಲ್ಲವೇನೋ ಅಂದೆ.
“ಅದಿನ್ನೂ ಬಂದಿಲ್ಲ.”

ತಾನ್‌ಚನ್ ಸೇತುವೆ ದಾಟಿ ವ್ಯಾನು ನಿಲ್ಲಿಸಿದೆ.
ಅಂಗೈಯಲ್ಲಿ ಜೋಳದ ಕಾಳಿನಷ್ಟು ಹಲ್ಲು,
ಬುಡದಲ್ಲಿ ಚೂರೇ ಚೂರು ಕೆಂಪು.
ಉಳಿದ ಮಕ್ಕಳು ಬಾಯಿ ಬಿಟ್ಟು ಮಲಗಿದ್ದರು.

ಸೂರಿನ ಮೇಲೆಸೆಯಬೇಕಂತೆ, ಅಜ್ಜಿ ಹೇಳಿದ್ದಾಳೆ:
ಹಳೇ ಹಲ್ಲು ತಗೋ, ಹೊಸ ಹಲ್ಲು ಕೊಡು ಅಂದರೆ
ಕಾಚಿ ಹಕ್ಕಿ, ಬಿಳಿ ಹೊಟ್ಟೆಯ ಆ ಕಾಗೆ, ಒಯ್ಯುತ್ತದಂತೆ.
“ನಮ್ಮದು ಇಪ್ಪತ್ತೊಂದನೇ ಮಹಡಿ.
ಮೇಲೆ ಇನ್ನೂ ಹದಿನಾಲ್ಕು.
ಸೂರು ಯಾರದು?”
ಆಮೇಲೆ, ತಡೆದು,
“ನಿಮ್ಮ ಮನೆಗೆ ಇದೆಯಾ?”

ಇದೆ ಅಂದೆ.
ಸಿಲ್ಲಿಮ್‌ನಲ್ಲಿ ಒಂದು ಹಳೇ ಕಟ್ಟಡದ ನೆತ್ತಿಗೆ ಅಂಟಿಸಿದ ಕೋಣೆ,
ತಗಡಿನ ಹೊದಿಕೆ,
ಬೇಸಿಗೆಗೆ ಕಾವಲಿ, ಚಳಿಗೆ ಐಸಿನ ಪೆಟ್ಟಿಗೆ.
ಬಾಡಿಗೆ ಅಗ್ಗ ಅಂತಲೇ ಇದ್ದೇನೆ.
ಹುಡುಗ ನನ್ನನ್ನು ನೋಡಿದ ಬಗೆ,
ಮಗನೂ ಎಂದೂ ಹಾಗೆ ನೋಡಿರಲಿಲ್ಲ.

ಪ್ರಶ್ನೆಪತ್ರಿಕೆಯ ಮೂಲೆ ಹರಿದು ಹಲ್ಲು ಸುತ್ತಿದ.
ಬೈಯುತ್ತಾರಲ್ಲೋ?
“ಆ ಮೂಲೆಯಲ್ಲಿ ಪ್ರಶ್ನೆ ಇಲ್ಲ, ಬರೀ ನನ್ನ ಹೆಸರು.”

ಹನ್ನೆರಡೂವರೆಗೆ, ಅರವತ್ತನಾಲ್ಕರ ಗಂಡಸು,
ಚಪ್ಪಲಿಯಲ್ಲಿ ಹೊರಗೆ ನಿಂತು ಕೂಗಿದೆ: ಹಳೇ ಹಲ್ಲು ತಗೋ!
ಎದುರು ಕಟ್ಟಡದಲ್ಲಿ ದೀಪ ಹೊತ್ತಿತು.
ಹಲ್ಲು ತಗಡಿಗೆ ಟಣ್ಣೆಂದು, ಉರುಳಿ,
ನನ್ನ ಕಾಲ ಬುಡಕ್ಕೇ ಬಂತು.
ಮತ್ತೆ ಎಸೆದೆ. ಮತ್ತೆ ಬಂತು.
ಮೂರನೇ ಸಲ ಏನೂ ಕೇಳಿಸಲಿಲ್ಲ.
ಹೆಸರಿದ್ದ ಚೀಟಿ ಜೇಬಿನಲ್ಲೇ ಉಳಿಯಿತು.

ಸೋಮವಾರ ಆ ಸೀಟಿನಲ್ಲಿ ಬೇರೆ ಹುಡುಗಿ.
ಟೇಗ್ಯೊಮ್ ಮೇಲಿನ ತರಗತಿಗೆ ಪಾಸಾದನಂತೆ,
ಅವರಿಗೆ ಬೇರೆ ವ್ಯಾನು.

ಮೊನ್ನೆ ಕೆಂಪು ದೀಪದಲ್ಲಿ ಎರಡೂ ವ್ಯಾನು ಪಕ್ಕಪಕ್ಕ.
ಅವನು ಗಾಜಿಗೆ ಮುಖವೊತ್ತಿ ಬಾಯಿ ಅಗಲಿಸಿ
ಬೆರಳಿಟ್ಟು ತೋರಿಸಿದ. ದೂರದಿಂದ ನನಗೇನು ಕಾಣುತ್ತದೆ,
ಹೊಸದು ಬಂದಿದೆಯೋ, ಇನ್ನೂ ಖಾಲಿಯೋ.
ನಾನೂ ಬಾಯಿ ತೆರೆದು ತೋರಿಸಿದೆ,
ನನ್ನವು ಮೂರಿಲ್ಲ.
ಹಿಂದಿನ ಕಾರು ಹಾರ್ನ್ ಹೊಡೆಯಿತು.