ಹಳೇ ಬಸ್ ಸ್ಟ್ಯಾಂಡ್

ನಾಳೆ ಕಂಪೈಲರ್ ಪರೀಕ್ಷೆ.
ಧಾರವಾಡದ ಬಸ್ಸಿನಾಗ, ನೋಟ್‌ಬುಕ್ಕಿನ ಹಿಂದಿನ ಹಾಳ್ಯಾಗ
ಗಿಡ ಗೀಚತಿದ್ದೆ: ಬೇರು ಮ್ಯಾಲ, ಎಲಿ ಕೆಳಗ.

"ಹಳೇ ಬಸ್ ಸ್ಟ್ಯಾಂಡ್ ಇಳಿಯೋರು!"
ಕಂಡಕ್ಟರ್ ಇಮಾಮಹುಸೇನ ಒದರಿದ.
ಬಾಜೂಕ ಕುಂತ ಪಾರವ್ವ ಕೇಳಿದಳು:
"ಹಳೇದು ಬಸ್ಸೋ ತಮ್ಮಾ, ಸ್ಟ್ಯಾಂಡೋ?"

ಒಂದ ಮಾತು, ಎರಡು ಗಿಡ.
ಎರಡೂ ವ್ಯಾಕರಣಕ್ಕ ಒಪ್ಪಿಗಿ.
ಹಿಂಗಾದ್ರ ಆ ವ್ಯಾಕರಣ ಸಂದಿಗ್ಧ ಅಂತ
ನಾಲ್ಕು ಮಾರ್ಕಿಗೆ ಬಾಯಿಪಾಠ ಮಾಡೇನಿ.

ಮುಂದಿನ ಒಂದು ಪದ ನೋಡಿ ತೀರ್ಮಾನಿಸು ಅಂತದ ಪುಸ್ತಕ.
ಇಮಾಮಹುಸೇನ ಆಕಿ ಕೈಯಾಗಿನ ಬೆಣ್ಣಿ ಗಡಿಗಿ ನೋಡಿದ:
"ದುರ್ಗದಬೈಲಿಗೆ ಹೌದಲ್ಲ? ಇಲ್ಲೇ ಇಳಿ."

ಇಳಿದ್ವಿ.
ಬಸ್ಸು ಹೊಸಾದು. ನಿಲ್ದಾಣಕ್ಕ ಇನ್ನೂ ಬಣ್ಣದ ವಾಸನಿ.
'ಹಳೇ' ಅನ್ನೋ ಪದ ಹಿಡಕೊಂಡು
ಯಾವ ಟೊಂಗಿಗೆ ಕಟ್ಟಲಿ ಅಂತ
ನಿಂತೇನಿ.