ನಿಧಾನ ಎಂಬ ಗುಂಡಿ

ಪೋರ್ತೊ ಊರಿನ ಈ ಓಣಿಯಲ್ಲಿ
ಕೆಳಗೆ ಅಂಗಿಗುಂಡಿ ಮಾರುವ ಅಂಗಡಿ,
ಮಾಳಿಗೆಯಲ್ಲಿ
ಪರದೆಗೆ ಗುಂಡಿ ಕೂರಿಸುವ ನಾವು ಮೂವರು.
ಇನ್ನೊಂದು ಗುಂಡಿ ಬೀದಿಯಲ್ಲಿದೆ, ಪಾಲಿಕೆಯದು,
ಎರಡು ಚಳಿಗಾಲದಿಂದ ಬಾಯಿ ತೆರೆದೇ ಇದೆ.
ಅದು ನಮ್ಮ ನಕ್ಷೆಯಲ್ಲಿಲ್ಲ.

ನಡೆಯುವವರಿಗೆ ದಾರಿ ಹೇಳುವ ಜಾಲತಾಣ ನಮ್ಮದು.
ಹಳತಾಗಿತ್ತು. ಪಾಚಿ ಬಣ್ಣದ ಚೌಕಟ್ಟು, ಇರುವೆಸಾಲಿನಂಥ ಅಕ್ಷರ,
ಎಲ್ಲಿಂದ, ಎಲ್ಲಿಗೆ, ಹೇಗೆ?
ನಿಧಾನ, ಸಾಧಾರಣ, ಬಿರುಸು;
ಸುಟ್ಟ ಕ್ಯಾಲೊರಿ, ಉಳಿದ ಹೊಗೆ, ಇಟ್ಟ ಹೆಜ್ಜೆ.
ಬಾಲ್ತಜಾರ್ ಒಂದೊಂದೇ ಕಿತ್ತ,
ಬೂತಾಯಿ ಮೀನಿನ ಮುಳ್ಳು ಬಿಡಿಸುವ ಹಾಗೆ.
"ನಿಧಾನವನ್ನು ನೂರರಲ್ಲಿ ನಾಲ್ವರು ಒತ್ತಿದರೆ ಹೆಚ್ಚು," ಅಂದ.
ಲೆಕ್ಕ ಸರಿ ಇತ್ತು. ತೆಗೆದೆವು.
ಉಳಿದದ್ದು ಬಿಳಿ ಬಯಲು, ನಡುವೆ ಒಂದೇ ಪೆಟ್ಟಿಗೆ.
ಚಂದ ಕಂಡಿತು.
ಚಂದವಷ್ಟೇ ಕಂಡಿತು.

ಪರೀಕ್ಷೆಗೆ ಕರೆದವರಲ್ಲಿ ಐದನೆಯವರು ದೋನ ಎತೆಲ್ವೀನ,
ಮೂವತ್ತಾರು ವರ್ಷ ಇದೇ ದಿಬ್ಬಗಳಲ್ಲಿ ಕಾಗದ ಹಂಚಿದವರು.
ಒಂದೇ ಬೆರಳಲ್ಲಿ ಮನೆಯ ವಿಳಾಸ ಕುಟ್ಟಿದರು,
ಮೀನು ಮಾರುಕಟ್ಟೆ ಕುಟ್ಟಿದರು,
ಕನ್ನಡಕ ಹಣೆಗೇರಿಸಿ ಪರದೆಯ ಮೂಲೆ ಮೂಲೆ ತಡಕಿದರು:
"ಇಲ್ಲೇ ಇತ್ತಲ್ಲ, ನಾನು ಒತ್ತುತ್ತಿದ್ದದ್ದು?"
ಲೆಕ್ಕ ಹೇಳಿದೆ. ನೂರಕ್ಕೆ ನಾಲ್ಕು.
"ಹೌದೇ? ಉಳಿದ ಮೂವರು ಯಾರು?" ಅಂದರು,
ನೆರೆಮನೆಯವರ ಕ್ಷೇಮ ವಿಚಾರಿಸುವ ಹಾಗೆ.

ಮರುದಿನ ಅವರ ಹಿಂದೆ ನಡೆದೆ, ಗಡಿಯಾರ ನನ್ನ ಕೈಲಿ.
ತಾಣ ಹೇಳಿದ್ದು ಹದಿನಾಲ್ಕು ನಿಮಿಷ.
ಮೊದಲ ಮೆಟ್ಟಿಲಸಾಲು: ಹಿಡಿಯಲು ಕಂಬಿಯಿಲ್ಲ. ಬಿಟ್ಟರು.
ಎರಡನೆಯದು: ಕಂಬಿ ಎಡಕ್ಕಿದೆ, ಅವರ ನೋವೂ ಎಡ ಭುಜದಲ್ಲಿ. ಬಿಟ್ಟರು.
ಟ್ರಾಮಿನ ಹಳಿ ದಾಟಿ, ಬಳಸಿ, ಇನ್ನೊಮ್ಮೆ ಬಳಸಿ,
ರೊಟ್ಟಿ ಅಂಗಡಿಯ ಹಿಂಗೋಡೆಗೆ ಬೆನ್ನು ಕೊಟ್ಟು ನಿಂತರು.
"ಒಲೆ ಇದರಾಚೆಗಿದೆ. ಮುಟ್ಟಿ ನೋಡು."
ಮುಟ್ಟಿದೆ.
ಆ ಗೋಡೆಯನ್ನು ನಾನೇ ಎಳೆದದ್ದು, ನಕ್ಷೆಯಲ್ಲಿ, ಒಂದು ಬೂದು ಗೆರೆ.

ಮೇಲಿನ ಕಿಟಕಿಯಿಂದ ಯಾರೋ ಕೂಗಿದಳು,
ಇವರು ತಿರುಗಿ ಕೂಗಿದರು, ಮಾತು ಬೆಳೆಯಿತು,
ಒಗೆದ ಬಟ್ಟೆಗಳ ನಡುವಿಂದ ಒಂದು ನಿಂಬೆಹಣ್ಣು ಕೆಳಗೆ ಬಂತು.
ಆ ಬೀದಿಗೆ ಮೀಟರು ತಿಳಿಯದು,
ಅಲ್ಲಿಯದೆಲ್ಲ ಕೂಗಳತೆ.

ನಲವತ್ತೊಂದು ನಿಮಿಷ.
ಮೀನು ಮುಗಿದಿತ್ತು.
ಅವರು ಅದಕ್ಕಾಗಿಯೇ ಬಂದವರಂತೆ ಕಾಣಲಿಲ್ಲ.

ಬಾಲ್ತಜಾರ್ ಜೊತೆ ಮೂರು ದಿನ ಜಗಳ.
"ಎಲ್ಲರಿಗೂ ಎಲ್ಲ ಇಟ್ಟರೆ ಮತ್ತೆ ಅದೇ ಸಂತೆ," ಅಂದ. ಸುಳ್ಳಲ್ಲ.
ಆದರೂ ಸೇರಿಸಿದೆವು: ಕಂಬಿ ಉಂಟೋ ಇಲ್ಲವೋ, ಯಾವ ಕೈಗೆ,
ಕೂರಲು ಕಟ್ಟೆ ಎಲ್ಲಿ.
ಬೆಚ್ಚನೆಯ ಗೋಡೆಗೊಂದು ಗುರುತು ಹುಡುಕಿದೆವು, ಸಿಗಲಿಲ್ಲ.
'ನಿಧಾನ' ಮರಳಿ ಬಂತು, ದಪ್ಪ ಗುಂಡಿಯಾಗಿ,
ಎಲ್ಲಕ್ಕಿಂತ ಮೊದಲು.

ಹೊಸ ತಾಣ ತೆರೆದ ವಾರ ದೂರದ ಬಗ್ಗೆಯೇ ದೂರು,
ಬಣ್ಣದ ಬಗ್ಗೆ ಬೈಗುಳ,
ಹೊಗೆಯ ಲೆಕ್ಕ ಎಲ್ಲಿ ಎಂದು ಒಬ್ಬ ಮೇಷ್ಟ್ರ ಎರಡು ಪುಟ.
ರಾತ್ರಿ ದಾಖಲೆ ತಿರುವುತ್ತಿದ್ದೆ. ಒಂದು ಸಾಲು.
ಎಲ್ಲಿಂದ: ಆ ವಿಳಾಸ ನನಗೆ ಗೊತ್ತು.
ಎಲ್ಲಿಗೆ: ಅದೇ ವಿಳಾಸ.
ನಮ್ಮ ತಾಣ ಕೆಂಪಕ್ಷರದಲ್ಲಿ ಉತ್ತರಿಸಿತ್ತು:
ತಪ್ಪು. ನೀವು ಅಲ್ಲೇ ಇದ್ದೀರಿ. ದಾರಿ ಬೇಕಿಲ್ಲ.
ಮೂರು ಸಲ ಕೇಳಿದ್ದರು.
ಮೂರು ಸಲವೂ ಅದನ್ನೇ ಹೇಳಿದ್ದೆವು.

ಬಾಲ್ತಜಾರ್‌ನನ್ನು ಫೋನು ಮಾಡಿ ಎಬ್ಬಿಸಿದೆ.
"ಹೊರಟಲ್ಲಿಗೇ ಬರುವುದು ತಪ್ಪು ಅಂತ ಯಾವನು ಬರೆದ?" ಅಂದ ನಿದ್ದೆಗಣ್ಣಲ್ಲಿ.
"ನೀನೇ."
ಸ್ವಲ್ಪ ಹೊತ್ತು ಉಸಿರು ಮಾತ್ರ ಕೇಳಿತು,
ಆಮೇಲೆ
ಕುರ್ಚಿ ಎಳೆದ ಸದ್ದು.