ಫ್ರಿಜ್ಜಿನ ಶ್ರುತಿ

ಪೋಲೆಂಡಿನ ವೂಚ್ ನಗರ. ಟ್ರಾಮ್ ಡಿಪೋದ ಹಿಂದೆ
ಆರನೇ ಮಹಡಿಯ ಅಡುಗೆಮನೆಯೇ ಬೊಗ್ನಾಳ ಸ್ಟುಡಿಯೋ.
ಗೋಡೆಗೆ ಎರಡು ರಜಾಯಿ, ಕಿಟಕಿಗೆ ಮೊಟ್ಟೆ ಟ್ರೇ,
ಮೈಕಿಗೆ ಹಳೆಯ ಕಾಲುಚೀಲ.
ಕಡೆಯ ಟ್ರಾಮು ಹೋದಮೇಲೆ ಚೆಲ್ಲೋ ಹೊರಗೆ ಬರುತ್ತದೆ.

ಫ್ರಿಜ್ಜಿನ ಗುಂಯ್‌ಗಾಟ ಮಾತ್ರ ನಿಲ್ಲದು.
ಆಫ್ ಮಾಡಿದರೆ ಹಾಲು ಒಡೆಯುತ್ತದೆ.
ಕೊನೆಗೆ ಅದರ ಶ್ರುತಿಗೇ ತಂತಿ ಬಿಗಿದಳು.

ಕಾಸಿಲ್ಲದೆ ಸಿನಿಮಾ ಮಾಡುವವರು ಯಾರಾದರೂ ತಗೊಳ್ಳಿ,
ಕೊನೆಯಲ್ಲಿ ನನ್ನ ಹೆಸರು ಹಾಕಿ, ಸಾಕು.
ಅಪ್ಪ ತೀರಿದ ವಾರ ನುಡಿಸಿದ್ದಕ್ಕೆ
ಶೀರ್ಷಿಕೆಯೇ ಹೊಳೆಯಲಿಲ್ಲ.
‘ನಿಧಾನ, ನಾಲ್ಕು ನಿಮಿಷ’
ಎಂದಷ್ಟೇ ಬರೆದು ಬಿಟ್ಟುಕೊಟ್ಟಳು.

ಎರಡು ವರ್ಷದ ಮೇಲೆ ಬೊಲಿವಿಯಾದಿಂದ ಒಂದು ಚಿತ್ರ,
ಎಂಟು ಜನ ಸೇರಿ ಎರವಲು ಕ್ಯಾಮರಾದಲ್ಲಿ ತೆಗೆದದ್ದು.
ಓರುರೋ ಬಸ್ ನಿಲ್ದಾಣದಲ್ಲಿ ಹೆಂಗಸೊಬ್ಬಳು
ಕೈತಪ್ಪಿದ ಕೋಳಿಯ ಬೆನ್ನುಹತ್ತಿದ್ದಾಳೆ,
ಹಿನ್ನೆಲೆಯಲ್ಲಿ
ಅಪ್ಪನ ಆ ನಾಲ್ಕು ನಿಮಿಷ.

ಮೊದಲು ಮೈ ಉರಿಯಿತು.
ಆಮೇಲೆ ಕೋಳಿ ಯಾರದೋ ಟ್ರಂಕಿನ ಮೇಲೆ ಹಾರಿ ಕೂತು
ಸುತ್ತ ನೋಡಿತು, ಥೇಟ್ ಅಪ್ಪನ ಹಾಗೆ:
ಆಸ್ಪತ್ರೆಯ ಚಪ್ಪಲಿಯಲ್ಲೇ ತಪ್ಪಿಸಿಕೊಂಡು ಬಂದು
ಒಂಬತ್ತನೇ ನಂಬರ್ ಟ್ರಾಮಿಗೆ ಕಾದಿದ್ದನಲ್ಲ, ಹಾಗೆ.
ಬೊಗ್ನಾಗೆ ನಗು ತಡೆಯಲಾಗಲಿಲ್ಲ.

ಕೊನೆಯಲ್ಲಿ ಹೆಸರೂ ಬಂತು: ಬೊಂಗಾ.
ಇರಲಿ.
ಹಿಂದಕ್ಕೆ ಓಡಿಸಿ, ಹೆಡ್‌ಫೋನ್ ಒತ್ತಿ ಹಿಡಿದು
ಮತ್ತೊಮ್ಮೆ ಕೇಳಿದಳು.
ರೆಕ್ಕೆಯ ಪಟಪಟದ ಕೆಳಗೆ, ಚೆಲ್ಲೋಗಿಂತಲೂ ಕೆಳಗೆ,
ಹೋದ ಚಳಿಗಾಲ ಗುಜರಿಗೆ ಹಾಕಿದ ಫ್ರಿಜ್ಜು
ಇನ್ನೂ ಹಾಲಿಗೆ ಕಾವಲು ಕೂತಿದೆ.